ಮಗಳಿಗೊಂದು ಪತ್ರ: ಯಂತ್ರದೊಳಗೆ ಕೇಳಿಸಿದ ನಗು

ಪ್ರೀತಿಯ ಪುಟ್ಟಿ,

ನೀನು ಕೇಳಿದ್ದು ಪ್ಲೇಲಿಸ್ಟ್. ಈಗೀಗ ಏನು ಕೇಳುತ್ತಿದ್ದೀಯಮ್ಮ, ಕಳುಹಿಸು ಎಂದು ಬರೆದಿದ್ದೆ. ಅದರಲ್ಲಿ ಕುತೂಹಲ ಸ್ವಲ್ಪ, ಅಮ್ಮನ ಕಿವಿ ಯಾವ ಕಾಲದಲ್ಲಿ ನಿಂತುಹೋಗಿದೆ ನೋಡೋಣ ಎಂಬ ಕೀಟಲೆ ಹೆಚ್ಚು. ಬರಿಯ ಹೆಸರುಗಳನ್ನು ಸಾಲಾಗಿ ಕಳುಹಿಸಿದರೆ ಒಂದೊಂದನ್ನೂ ಅರೆಗಳಿಗೆ ಕೇಳಿ ಮುಂದಕ್ಕೆ ಒತ್ತುವವಳು ನೀನು. ಹಾಗಾಗಿ ಪತ್ರವನ್ನೇ ಬರೆಯುತ್ತಿದ್ದೇನೆ.

ಷರತ್ತು ಒಂದೇ. ಇವುಗಳಲ್ಲಿ ಯಾವುದನ್ನೂ ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡ. ಅಷ್ಟು ಚಿಕ್ಕ ಸ್ಪೀಕರ್‌ನಿಂದ ತಗ್ಗಿನ ಸ್ವರಗಳು ಹೊರಗೆ ಬರುವುದೇ ಇಲ್ಲ, ಎಲೆಕ್ಟ್ರಾನಿಕ್ ಸಂಗೀತದ ಜೀವ ಇರುವುದೋ ಆ ತಗ್ಗಿನಲ್ಲಿಯೇ. ಹೆಡ್‌ಫೋನ್ ಹಾಕಿಕೋ. ದನಿಯನ್ನು ಮಾತ್ರ ಹದದಲ್ಲಿಡು, ಕಿವಿಗಳಿಗೆ ಬಿಡಿಭಾಗ ಸಿಗುವುದಿಲ್ಲ.

ಇವನ್ನು ಹೇಗೆ ಆರಿಸಿದೆ ಎಂದು ನೀನು ಕೇಳಿಯೇ ಕೇಳುತ್ತೀಯೆ. ಹಾಡು ಎಷ್ಟೇ ನುಣುಪಾಗಿರಲಿ, ಅದರೊಳಗೆ ಎಲ್ಲಾದರೂ ಒಬ್ಬ ಮನುಷ್ಯ ಸಿಕ್ಕಿಬೀಳಬೇಕು ನನಗೆ. ಒಂದು ಉಸಿರು, ಒಂದು ತಡವರಿಕೆ, ಅಳಿಸಿಹಾಕಬಹುದಾಗಿದ್ದರೂ ಉಳಿಸಿಕೊಂಡ ಒಂದು ಸದ್ದು. ಕಂಪ್ಯೂಟರಿನಲ್ಲಿ ಹೆಣೆದ ಸಂಗೀತದಲ್ಲಿ ಅದು ಸಿಗುವುದಿಲ್ಲ ಎಂದು ನನ್ನ ವಯಸ್ಸಿನವರು ಹೇಳುತ್ತಾರೆ. ನನಗೆ ಅದು ಹೆಚ್ಚಾಗಿ ಸಿಕ್ಕಿರುವುದು ಅಲ್ಲಿಯೇ.

ಮೊದಲು ಕ್ಯಾರೊಲಿನ್ ಪೊಲಾಚೆಕ್ ಹಾಡಿದ 'ಬನ್ನಿ ಈಸ್ ಎ ರೈಡರ್' ಕೇಳು. 2021ರದ್ದು. ತುಂಬ ಖಾಲಿ ಜಾಗವಿರುವ ಹಾಡು: ಒಂದು ಶಿಳ್ಳೆ, ಪುಟಿಯುವ ಬೇಸ್, ಅಷ್ಟರ ನಡುವೆ ಒಂದು ಕೂಸಿನ ಕೇಕೆ. ಯಾವುದೋ ಸದ್ದಿನ ಭಂಡಾರದಿಂದ ತಂದದ್ದಲ್ಲ ಅದು. ಪೊಲಾಚೆಕ್ ಜೊತೆ ಹಾಡನ್ನು ಕಟ್ಟಿದ ಡ್ಯಾನಿ ಎಲ್ ಹಾರ್ಲ್ ತನ್ನ ಎಳೆಯ ಮಗಳ ನಗುವನ್ನು ಅಲ್ಲಿ ಸೇರಿಸಿದ್ದಾನೆ. ಹಾಡಿನ ವಿಷಯವಾದರೋ ಯಾರ ಕೈಗೂ ಸಿಗದೆ, ಯಾವ ಸಂದೇಶಕ್ಕೂ ಉತ್ತರಿಸದೆ ಜಾರಿಕೊಳ್ಳುವ ಹುಡುಗಿ. ನನಗೆ ಪರಿಚಯವಿಲ್ಲದ ವಿಷಯವೇನಲ್ಲ.

ಪಾಪ್ ಎಂದರೆ ನೀನು ಕೊಂಚ ಮೂಗು ಮುರಿಯುತ್ತೀಯೆ, ಎಲ್ಲರಿಗೂ ಇಷ್ಟವಾದದ್ದು ತನಗೆ ಇಷ್ಟವಾಗಬಾರದು ಎಂಬ ಹಟ. ಚಾಪೆಲ್ ರೋನ್ ವಿಷಯದಲ್ಲಿ ಆ ಹಟ ಬಿಡು. ಅವಳ 'ಪಿಂಕ್ ಪೋನಿ ಕ್ಲಬ್' ಹೊರಬಂದದ್ದು 2020ರಲ್ಲಿ, ಜಗತ್ತು ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ. ಕುಣಿಯುವ ಜಾಗದ ಬಗ್ಗೆ ಹಾಡು, ಕುಣಿಯಲು ತೆರೆದ ಜಾಗವೇ ಇಲ್ಲ. ಆಗ ಅದನ್ನು ಕೇಳಿದವರು ಕಡಿಮೆ, ಅದೇ ವರ್ಷ ಅವಳ ರೆಕಾರ್ಡ್ ಕಂಪನಿಯೂ ಅವಳನ್ನು ಕೈಬಿಟ್ಟಿತು. 2023ರಲ್ಲಿ ಮೊದಲ ಆಲ್ಬಮ್ ಬಂತು, 2024ರಲ್ಲಿ ಜನ ಮುಗಿಬಿದ್ದರು, 2025ರಲ್ಲಿ ಈ ಹಳೆಯ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಈ ಕಥೆಗೋಸ್ಕರ ನಾನು ಅದನ್ನು ಶಿಫಾರಸು ಮಾಡುತ್ತಿಲ್ಲ. ಆ ಹಾಡಿನಲ್ಲಿ ಒಬ್ಬ ತಾಯಿ ಇದ್ದಾಳೆ. ದೂರದ ನಗರಕ್ಕೆ ಹೋಗಿ ವೇದಿಕೆಯ ಮೇಲೆ ಕುಣಿಯುತ್ತಿರುವ ಮಗಳನ್ನು ಕಂಡು ಬೆಚ್ಚಿಬೀಳುತ್ತಾಳೆ, ನನ್ನ ಮಗಳು ಹೀಗಾದಳೇ ಎಂದು ಕೊರಗುತ್ತಾಳೆ. ಅಂಥ ತಾಯಿಯನ್ನು ಖಳನಾಯಕಿ ಮಾಡುವುದು ಸುಲಭವಿತ್ತು. ರೋನ್ ಹಾಗೆ ಮಾಡುವುದಿಲ್ಲ, ಅಮ್ಮಾ ಎಂದು ಕರೆದು, ನಾನು ಸುಖವಾಗಿದ್ದೇನೆ ಎಂದು ಸಮಾಧಾನ ಹೇಳುತ್ತಾಳೆ. ಹಾಡು ಮೆಲ್ಲಗೆ, ಬರಿಯ ಪಿಯಾನೋದ ಜೊತೆ ಶುರುವಾಗುತ್ತದೆ. ಡ್ರಮ್ ಎದ್ದು ನಿಲ್ಲುವ ಹೊತ್ತಿಗೆ ನಾನು ಮಗಳ ಪಕ್ಷಕ್ಕೆ ಸೇರಿಬಿಟ್ಟಿರುತ್ತೇನೆ. ಹಾಗೆಂದು ಇದನ್ನು ಪರವಾನಗಿ ಎಂದುಕೊಳ್ಳಬೇಡ.

ಅವಳದೇ 'ಗುಡ್ ಲಕ್, ಬೇಬ್!' ಕೂಡ ಕೇಳು, ಅದು 2024ರದ್ದು. ಕೊನೆಯವರೆಗೂ ಕೇಳಬೇಕು. ಮುಗಿಯುವಾಗ ಇಡೀ ಹಾಡೇ ದಣಿದು, ಲಯವೂ ಶ್ರುತಿಯೂ ಕೆಳಕ್ಕೆ ಜಾರಿ ನಿಲ್ಲುತ್ತವೆ. ಅಷ್ಟು ಹೊತ್ತು ಸಿಟ್ಟಿನಲ್ಲಿ ಹಾಡಿದವಳ ಸಿಟ್ಟು ಎಲ್ಲಿ ಹೋಯಿತು ಎಂದು ಅಲ್ಲಿ ತಿಳಿಯುತ್ತದೆ.

ಬಿಲ್ಲಿ ಐಲಿಶ್ ಬಗ್ಗೆ ನಿನಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಅಣ್ಣ ಫಿನಿಯಸ್ ಜೊತೆ ತಂದೆತಾಯಿಯ ಮನೆಯ ಮಲಗುವ ಕೋಣೆಯಲ್ಲಿ ಮೊದಲ ಆಲ್ಬಮ್ ಮಾಡಿದವಳು, ಪಿಸುಗುಟ್ಟುವುದಕ್ಕೇ ಹೆಸರಾದವಳು. 2024ರ 'ಬರ್ಡ್ಸ್ ಆಫ್ ಎ ಫೆದರ್' ಹಾಡಿನ ಕೊನೆಯಲ್ಲಿ ಆ ಪಿಸುದನಿ ಪೂರ್ತಿ ಕಂಠ ಬಿಚ್ಚಿ ಮೇಲೇರುತ್ತದೆ. ಅದಕ್ಕಾಗಿ ಒಮ್ಮೆ ಮತ್ತೆ ಕೇಳು.

ಇನ್ನು ಚಾರ್ಲಿ ಎಕ್ಸ್‌ಸಿಎಕ್ಸ್. 2024ರ ಜೂನ್‌ನಲ್ಲಿ ಬಂದ 'ಬ್ರ್ಯಾಟ್' ಆಲ್ಬಮ್‌ನ ಗದ್ದಲ, ಆ ಕಣ್ಣು ಕುಕ್ಕುವ ಹಸಿರು ಬಣ್ಣ, ಇವೆಲ್ಲ ನಿನಗೆ ಗೊತ್ತು. ಅದರ ಕುಣಿತದ ಹಾಡುಗಳು ಕುಣಿಯುವುದಕ್ಕೆ ಚೆನ್ನಾಗಿವೆ, ಅಷ್ಟೇ. ನಾನು ಹೇಳಹೊರಟಿರುವುದು 'ಗರ್ಲ್, ಸೋ ಕನ್ಫ್ಯೂಸಿಂಗ್' ಬಗ್ಗೆ. ಮತ್ತೊಬ್ಬ ಗಾಯಕಿಯ ಜೊತೆಗಿನ ತನ್ನ ಸಂಬಂಧ ಸ್ನೇಹವೋ ಅಸೂಯೆಯೋ ತಿಳಿಯುತ್ತಿಲ್ಲ, ಅವಳಿಗೆ ನಾನು ಇಷ್ಟವೋ ಇಲ್ಲವೋ ಎಂದೂ ಗೊತ್ತಿಲ್ಲ ಎಂದು ಚಾರ್ಲಿ ಆ ಹಾಡಿನಲ್ಲಿ ಹೇಳಿಕೊಂಡಳು, ಹೆಸರು ಹೇಳಲಿಲ್ಲ. ಆಲ್ಬಮ್ ಬಂದು ಎರಡು ವಾರಕ್ಕೆ ಆ ಹಾಡಿನ ಮರುರೂಪ, ರೀಮಿಕ್ಸ್, ಬಂತು. ಅದರಲ್ಲಿ ಉತ್ತರ ಹಾಡಿದವಳು ಲಾರ್ಡ್, ಆ ಮತ್ತೊಬ್ಬಳೇ! ತಾನು ಭೇಟಿಗಳನ್ನು ತಪ್ಪಿಸಿಕೊಳ್ಳುತ್ತಿದ್ದದ್ದು ಅಹಂಕಾರದಿಂದಲ್ಲ, ತನ್ನ ಮೈತೂಕದೊಂದಿಗೆ ನಡೆಸುತ್ತಿದ್ದ ಕದನದಿಂದ ಎಂದು ಅವಳು ಹೇಳುತ್ತಾಳೆ. ಹಿಂದೆ ಒರಟಾದ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಗುಡುಗುತ್ತಿರುತ್ತದೆ, ಮುಂದೆ ಇಬ್ಬರು ಹೆಂಗಸರು ಮೈಕ್ ಹಿಡಿದುಕೊಂಡೇ ರಾಜಿಯಾಗುತ್ತಾರೆ. ಒಂದು ಜಗಳ ಹೀಗೆ ಎಲ್ಲರೆದುರು ಬಿಡಿಸಿಕೊಂಡದ್ದನ್ನು ನಾನು ಪಾಪ್ ಸಂಗೀತದಲ್ಲಿ ಬೇರೆಲ್ಲೂ ಕೇಳಿಲ್ಲ. ನೀನು ಮಾತು ಬಿಟ್ಟಿರುವ ಗೆಳತಿಯ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ.

ಅದೇ ಆಲ್ಬಮ್‌ನಲ್ಲಿ 'ಸೋ ಐ' ಎಂಬ ನಿಧಾನದ ಹಾಡಿದೆ. ಅದು ಸೋಫಿ ಎಂಬ ಸಂಗೀತಗಾರ್ತಿಯ ನೆನಪಿಗೆ. ಪಾಪ್ ಸಂಗೀತಕ್ಕೆ ಲೋಹದ, ರಬ್ಬರಿನ, ಗುಳ್ಳೆ ಒಡೆಯುವಂಥ ಹೊಸ ಸದ್ದುಗಳನ್ನು ತಂದವಳು ಅವಳು. 2021ರ ಜನವರಿಯಲ್ಲಿ ಅಥೆನ್ಸ್‌ನಲ್ಲಿ ಹುಣ್ಣಿಮೆಯ ಚಂದ್ರನನ್ನು ನೋಡಲು ಎತ್ತರಕ್ಕೆ ಹತ್ತಿ, ಜಾರಿಬಿದ್ದು ತೀರಿಕೊಂಡಳು. ಅವಳ ಪ್ರತಿಭೆಗೆ ಅಂಜಿ ತಾನು ದೂರವೇ ಉಳಿದುಬಿಟ್ಟೆ ಎಂಬ ಅಳಲು ಚಾರ್ಲಿಯ ಹಾಡಿನಲ್ಲಿದೆ. ಇದನ್ನು ಬೇರೆ ಕೆಲಸ ಮಾಡುತ್ತ ಕೇಳಬೇಡ.

ಗಿಟಾರ್ ಇಲ್ಲದೆ ನಿನಗೆ ಊಟ ಸೇರುವುದಿಲ್ಲ, ಹಾಗಾಗಿ ಇಂಡೀ ಕಡೆಗೆ, ದೊಡ್ಡ ಕಂಪನಿಗಳ ಹೊರಗೆ ಬೆಳೆದ ಸಂಗೀತದ ಕಡೆಗೆ ಬರುತ್ತೇನೆ. ಏಡ್ರಿಯನ್ ಲೆಂಕರ್ 2024ರಲ್ಲಿ ತಂದ 'ಬ್ರೈಟ್ ಫ್ಯೂಚರ್' ಆಲ್ಬಮ್ ಕಾಡಿನೊಳಗಿನ ಸ್ಟುಡಿಯೋದಲ್ಲಿ ಟೇಪ್ ಮೇಲೆ, ಹಳೆಯ ಕ್ರಮದಲ್ಲಿ ಮುದ್ರಣಗೊಂಡದ್ದು. ಮೊದಲ ಹಾಡು 'ರಿಯಲ್ ಹೌಸ್'. ಪಿಯಾನೋದ ಕೆಲವೇ ಸ್ವರಗಳು, ಕೋಣೆಯ ಗಾಳಿಯೂ ಕೇಳಿಸುವಷ್ಟು ಬಿಡುವು. ಅವಳು ತಾಯಿಯನ್ನು ಉದ್ದೇಶಿಸಿ ಬಾಲ್ಯದ ಒಂದೊಂದೇ ನೆನಪನ್ನು ಹೇಳುತ್ತ ಹೋಗುತ್ತಾಳೆ, ಮನೆಯ ನಾಯಿ ಸತ್ತಾಗ ತಾಯಿ ಅತ್ತದ್ದನ್ನು ಮೊದಲ ಸಲ ನೋಡಿದೆ ಎನ್ನುವಲ್ಲಿಗೆ ಬರುತ್ತಾಳೆ. ಪಲ್ಲವಿ ಇಲ್ಲ, ತಾಳ ಇಲ್ಲ. ಮಕ್ಕಳು ಯಾವುದನ್ನು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ತಾಯಂದಿರಿಗೆ ಮೊದಲೇ ತಿಳಿದರೆ ನಾವು ಬೇರೆ ಥರ ಇರುತ್ತಿದ್ದೆವೋ ಏನೋ! ನಿನಗೆ ಅದು ತೀರಾ ನಿಧಾನವೆನಿಸಿದರೆ ಅದೇ ಆಲ್ಬಮ್‌ನ 'ಸ್ಯಾಡ್ನೆಸ್ ಆಸ್ ಎ ಗಿಫ್ಟ್' ಇದೆ, ಪಿಟೀಲಿನ ಜೊತೆ ಎಲ್ಲರೂ ಸೇರಿ ಹಾಡುವಂಥದ್ದು.

ವಾಕ್ಸಹಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟೀ ಕ್ರಚ್‌ಫೀಲ್ಡ್‌ಳ 'ರೈಟ್ ಬ್ಯಾಕ್ ಟು ಇಟ್' ನನ್ನ ಈ ಪಟ್ಟಿಯ ರಾಣಿ. ಬ್ಯಾಂಜೋ ಒಂದು ಕಡೆಯಿಂದ ಉದುರುತ್ತಿರುತ್ತದೆ, ಎಮ್.ಜೆ. ಲೆಂಡರ್‌ಮನ್ ಅವಳ ದನಿಯ ಕೆಳಗೆ ತನ್ನ ದನಿಯನ್ನು ಸೇರಿಸಿ ನಡೆಯುತ್ತಾನೆ. ಪ್ರೀತಿ ಹುಟ್ಟಿದ್ದರ ಬಗ್ಗೆ, ಮುರಿದದ್ದರ ಬಗ್ಗೆ ಹಾಡುಗಳಿಗೆ ಬರವಿಲ್ಲ. ಇದು ನಡುವಿನದು: ಬಹುಕಾಲದ ಜೊತೆ, ಆಗಾಗ ಮನಸ್ಸು ಎಲ್ಲಿಗೋ ಅಲೆದು ಮತ್ತೆ ಅದೇ ಮನುಷ್ಯನ ಬಳಿಗೆ ಬಂದು ಕೂರುವುದು. ನಿನ್ನ ಅಪ್ಪನಿಗೂ ಕೇಳಿಸಿದೆ. ಬ್ಯಾಂಜೋ ಚೆನ್ನಾಗಿದೆ ಎಂದರು.

ಮಿತ್ಸ್ಕಿಯ 'ಮೈ ಲವ್ ಮೈನ್ ಆಲ್ ಮೈನ್' 2023ರದ್ದು, ಎರಡು ನಿಮಿಷ ಚಿಲ್ಲರೆ. ಬಾಯ್‌ಜೀನಿಯಸ್ ತಂಡದ 'ನಾಟ್ ಸ್ಟ್ರಾಂಗ್ ಇನಫ್' ಮೂವರು ಹಾಡುಗಾರ್ತಿಯರು ಸರದಿಯಂತೆ ಮುಂದೆ ಬಂದು ಹಾಡುವ ಹಾಡು. ಇವೆರಡನ್ನೂ ನೀನು ಕೇಳಿಯೇ ಇರುತ್ತೀಯೆ, ಮುಂದಕ್ಕೆ ಹೋಗೋಣ.

ಈಗಿನ ಹಾಡುಗಳು ಶುರುವಾಗುವ ಮೊದಲೇ ಮುಗಿಯುತ್ತವೆ ಎಂದು ನಿನ್ನ ಮಾವ ಗೊಣಗುತ್ತಿರುತ್ತಾನಲ್ಲ, ಅವನಿಗೆ ಪಿಂಕ್‌ಪ್ಯಾಂಥರೆಸ್ ಹಾಡುಗಳನ್ನು ಕೇಳಿಸಬೇಕು. 2021ರಲ್ಲಿ ಬಂದ ಅವಳ ಮೊದಲ ಸಂಕಲನದಲ್ಲಿ ಹತ್ತು ಹಾಡುಗಳಿವೆ, ಅಷ್ಟೂ ಸೇರಿ ಹತ್ತೊಂಬತ್ತು ನಿಮಿಷವೂ ಇಲ್ಲ. ತೊಂಬತ್ತರ ದಶಕದ ಬ್ರಿಟಿಷ್ ಕುಣಿತದ ಸಂಗೀತದಿಂದ ತುಣುಕುಗಳನ್ನು ಎತ್ತಿಕೊಂಡು, ಅದರ ಮೇಲೆ ಪಕ್ಕದಲ್ಲಿ ಕೂತು ಗುಟ್ಟು ಹೇಳುವ ದನಿಯಲ್ಲಿ ಹಾಡುತ್ತಾಳೆ. 2025ರ 'ಇಲ್ಲೀಗಲ್' ಹಾಡಿಗೆ ಅಂಡರ್‌ವರ್ಲ್ಡ್ ತಂಡದ ಹಳೆಯ ಸಿಂಥ್ ಸ್ವರಗಳೇ ಬುನಾದಿ. ಹೇಳುವುದನ್ನು ಹೇಳಿ ಎದ್ದುಹೋಗುವವರನ್ನು ನಾನು ಯಾವತ್ತೂ ಮೆಚ್ಚಿದ್ದೇನೆ. ಇಷ್ಟುದ್ದ ಪತ್ರ ಬರೆಯುತ್ತ ಹೀಗೆ ಹೇಳಬಾರದಿತ್ತು.

ಎಲೆಕ್ಟ್ರಾನಿಕ್ ಭಾಗ ನಿನಗೆ ಹೊಸದಾಗಿರಬಹುದು, ಆದ್ದರಿಂದ ಬಾಗಿಲಿನಲ್ಲಿ ಒಂದು ಮನುಷ್ಯ ದನಿಯನ್ನು ನಿಲ್ಲಿಸುತ್ತೇನೆ. ಫ್ರೆಡ್ ಅಗೇನ್ ಜನರ ಧ್ವನಿ ಸಂದೇಶ, ಫೋನಿನ ವಿಡಿಯೋ, ಮಾತುಕತೆಯ ತುಣುಕುಗಳಿಂದ ಹಾಡು ಕಟ್ಟುವವನು. 2021ರ 'ಮರೇಯಾ' ಹಾಡಿನಲ್ಲಿ ದಿ ಬ್ಲೆಸ್ಡ್ ಮಡೋನಾ ಎಂಬ ಡಿಜೆ, ಜನ ಒಟ್ಟಿಗೆ ಸೇರಿ ಕುಣಿಯುವುದೇ ನಿಂತುಹೋದ ಆ ಕಾಲದ ಬಗ್ಗೆ ಸುಮ್ಮನೆ ಮಾತನಾಡುತ್ತಾಳೆ. ಅವಳ ಮಾತಿನ ಏರಿಳಿತವನ್ನೇ ಹಿಡಿದು ಅವನು ಅದರ ಸುತ್ತ ಸಂಗೀತ ಹರಿಸಿದ್ದಾನೆ. ಜೇಮೀ ಎಕ್ಸ್‌ಎಕ್ಸ್ ಒಂಬತ್ತು ವರ್ಷ ಕಾಯಿಸಿ 2024ರಲ್ಲಿ ತಂದ 'ಇನ್ ವೇವ್ಸ್' ಆಲ್ಬಮ್‌ನಿಂದ 'ವೇಟೆಡ್ ಆಲ್ ನೈಟ್' ಕೇಳು, ಅವನ ತಂಡವಾದ ದಿ ಎಕ್ಸ್‌ಎಕ್ಸ್‌ನ ಗೆಳೆಯರಿಬ್ಬರೂ ಅಲ್ಲಿ ಹಾಡಲು ಬಂದಿದ್ದಾರೆ.

ಕ್ಯಾರಿಬೂ ಎಂಬ ಹೆಸರಿನ ಡ್ಯಾನ್ ಸ್ನೇಯ್ತ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವನು. (ಇದನ್ನು ಓದು ಬಿಡುವುದಕ್ಕೆ ವಾದವಾಗಿ ಬಳಸಬೇಡ, ಅವನು ಮುಗಿಸಿದ್ದಾನೆ.) ಅವನ 2024ರ 'ಹನಿ' ಆಲ್ಬಮ್ ನನ್ನ ನಿಯಮಕ್ಕೇ ಸವಾಲು ಹಾಕಿತು. ಅಲ್ಲಿ ಹಾಡುವ ಹೆಣ್ಣು ದನಿ ಅವನದೇ, ಕೃತಕ ಬುದ್ಧಿಮತ್ತೆಯ ಮೂಲಕ ಹಾಯಿಸಿ ಬದಲಿಸಿದ್ದು. ಇದು ತಿಳಿಯುವ ಮೊದಲು 'ಕಮ್ ಫೈಂಡ್ ಮಿ' ನನಗೆ ಹಿಡಿಸಿತ್ತು. ತಿಳಿದ ಮೇಲೂ ಹಿಡಿಸುತ್ತದೆ, ಆದರೆ ಯಾರ ಉಸಿರನ್ನು ಕೇಳುತ್ತಿದ್ದೇನೆ ಎಂಬ ಇರುಸುಮುರುಸು ಹೋಗಿಲ್ಲ. ಹಾಡಿದ್ದು ಅವನೇ, ಅಳತೆಗೋಲು ಬದಲಿಸಬೇಕಾದದ್ದು ನೀನೇ ಅಮ್ಮ ಎನ್ನುತ್ತೀಯಾ? ನಿನ್ನ ಅಭಿಪ್ರಾಯ ಬೇಕು.

ಒಂದು ಹಳೆಯದನ್ನು ಸುಮ್ಮನೆ ನುಸುಳಿಸುತ್ತೇನೆ. ಫೋರ್ ಟೆಟ್ ಎಂಬ ಎಲೆಕ್ಟ್ರಾನಿಕ್ ಸಂಗೀತಗಾರ 2015ರಲ್ಲಿ ಮಾಡಿದ ಇಪ್ಪತ್ತು ನಿಮಿಷದ 'ಮಾರ್ನಿಂಗ್ ಸೈಡ್' ಕೇಳುವಾಗ ನಿನಗೆ ಗುರುತಿರುವ ಒಂದು ಕಂಠ ಸಿಂಥ್ ಅಲೆಗಳ ನಡುವಿನಿಂದ ಏಳುತ್ತದೆ. 1983ರ ಹಿಂದಿ ಚಿತ್ರವೊಂದಕ್ಕೆ ಲತಾ ಮಂಗೇಶ್ಕರ್ ಹಾಡಿದ್ದು. ಹೊಸದೇ ಬೇಕೆಂದರೆ ಅವನದೇ 2024ರ 'ತ್ರೀ' ಆಲ್ಬಮ್‌ನ ಮೊದಲ ಹಾಡು 'ಲವ್ಡ್' ಇದೆ.

ಉಳಿದದ್ದು ಒಂದು, ಅದಕ್ಕೆ ಸಮಯ ಬೇಕು. 'ಪ್ರಾಮಿಸಸ್', 2021. ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಸ್ಯಾಮ್ ಶೆಫರ್ಡ್, ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಇವರ ಜೊತೆ ಆಗ ಎಂಬತ್ತರ ಹರೆಯದ ಸ್ಯಾಕ್ಸೊಫೋನ್ ವಾದಕ ಫೆರೋ ಸ್ಯಾಂಡರ್ಸ್. ಒಂಬತ್ತು ಭಾಗ, 46 ನಿಮಿಷ. ಏಳೇ ಸ್ವರಗಳ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತಿರುತ್ತದೆ, ಮುದುಕ ಅದರ ಸುತ್ತ ನಡೆಯುತ್ತಾನೆ. ಒಂದು ಕಡೆ ವಾದ್ಯವನ್ನು ಬಿಟ್ಟು ಬರಿಯ ಬಾಯಿಯಿಂದ ಏನೋ ಗುನುಗುತ್ತಾನೆ, ಪದವಿಲ್ಲ. ಮರುವರ್ಷ ಸ್ಯಾಂಡರ್ಸ್ ತೀರಿಕೊಂಡ. ಇದು ಜಾಝೋ, ಎಲೆಕ್ಟ್ರಾನಿಕ್ಕೋ ಎಂದು ನನ್ನನ್ನು ಕೇಳಬೇಡ. ಪರೀಕ್ಷೆ ಮುಗಿದ ಮೇಲೆ ಕೇಳು, ಮೊದಲಲ್ಲ, ತುಂಡು ಮಾಡಿಯಂತೂ ಖಂಡಿತ ಅಲ್ಲ.

ಎಲ್ಲವನ್ನೂ ಒಂದೇ ದಿನ ಕೇಳಿ ಮುಗಿಸಬೇಡ. ವಾಕ್ಸಹಾಚಿಯಿಂದ ಶುರುಮಾಡು. ಇವುಗಳಲ್ಲಿ ಯಾವುವು ನಿನಗೆ ಮೊದಲೇ ಗೊತ್ತಿದ್ದವು, ಯಾವುದು ಹಿಡಿಸಲಿಲ್ಲ, ಬರೆದು ತಿಳಿಸು. ಚೆನ್ನಾಗಿದೆ ಎಂಬ ಒಂದೇ ಪದದ ಉತ್ತರ ಇಲ್ಲಿ ನಡೆಯುವುದಿಲ್ಲ. ನಿನ್ನ ಕಡೆಯಿಂದಲೂ ಹಾಡುಗಳು ಬರಲಿ, ಅಮ್ಮನಿಗೆ ಸರಿಹೋಗುತ್ತವೆಯೇ ಎಂದು ಯೋಚಿಸಿ ಆರಿಸಬೇಡ.

ಪ್ರೀತಿಯಿಂದ,
ಅಮ್ಮ