ಮೂರು ಮೇಜು, ಒಬ್ಬರೇ ಸಹಾಯಕರು

ಮಾನ್ಯ ಸಂಪಾದಕರೇ,

ನೆರೆಮನೆಯ ಬೆಳೆಗಾರರೊಬ್ಬರ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿಯ ಸಲುವಾಗಿ ನಮ್ಮ ಜಿಲ್ಲೆಯ ಮಲೆನಾಡು ಭಾಗದ ತಾಲ್ಲೂಕು ಕಚೇರಿಯೊಂದಕ್ಕೆ ಈಚೆಗೆ ನಾಲ್ಕು ಬಾರಿ ಹೋಗಿಬಂದೆ. ಅಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದರಿಂದ ಟಪಾಲು, ಭೂ ಮಂಜೂರಾತಿ, ಪಿಂಚಣಿ ಈ ಮೂರೂ ಮೇಜುಗಳನ್ನು ಒಬ್ಬರೇ ದ್ವಿತೀಯ ದರ್ಜೆ ಸಹಾಯಕರು ನಿಭಾಯಿಸುತ್ತಿದ್ದರು. ಅಭಿಲೇಖಾಲಯದಿಂದ ಹಳೆಯ ಕಡತ ತೆಗೆದುಕೊಡಬೇಕಾದವರು ನಿಯೋಜನೆಯ ಮೇಲೆ ಬೇರೆಡೆ ಹೋಗಿದ್ದರು. ಕಂದಾಯ ಇಲಾಖೆಯಲ್ಲೇ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಆ ಸಹಾಯಕರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದಿರುವುದರಿಂದ ಗುಮಾಸ್ತರ ಅಗತ್ಯ ಕಡಿಮೆಯಾಗಿದೆ ಎಂಬ ಮಾತನ್ನು ಹಿರಿಯ ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇನೆ. ಆದರೆ ಅರ್ಜಿಯನ್ನು ಓದಿ, ಹಿಂದಿನ ಆದೇಶಗಳನ್ನು ಹುಡುಕಿ, ನಿಯಮ ನೋಡಿ ಟಿಪ್ಪಣಿ ಹಾಕುವವರು ವಿಷಯ ನಿರ್ವಾಹಕರೇ, ಅಂದರೆ ಆ ಮೇಜಿನ ಗುಮಾಸ್ತರೇ. 1991ರ ನಮೂನೆ 50ರಿಂದ 2018ರ ನಮೂನೆ 57ರವರೆಗಿನ, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸಲು ಕೋರುವ ಬಗರ್‌ಹುಕುಂ ಅರ್ಜಿಗಳಲ್ಲಿ ಅರಣ್ಯವೋ ಕಂದಾಯವೋ ಎಂಬ ತಕರಾರೇ ಹೆಚ್ಚಿರುವ ನಮ್ಮ ಕಡೆ ಈ ಕೆಲಸವನ್ನು ಹೊರಗುತ್ತಿಗೆಯ ಡೇಟಾ ಎಂಟ್ರಿ ಸಿಬ್ಬಂದಿಗೆ ಒಪ್ಪಿಸಲಾಗದು. ನಾಳೆ ತಪ್ಪಾದರೆ ಉತ್ತರಿಸುವ ಹೊಣೆ ಅವರದಲ್ಲ. ಇತ್ತ ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಬೇಕೆನ್ನುವ ಸಕಾಲ ಅಧಿನಿಯಮದಡಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನು ತಪ್ಪಿತಸ್ಥ ನೌಕರರಿಂದಲೇ ವಸೂಲು ಮಾಡಲು ಅವಕಾಶವಿದೆ. ಖಾಲಿ ಹುದ್ದೆಯಿಂದಾದ ವಿಳಂಬಕ್ಕೆ ಇರುವ ಒಬ್ಬರನ್ನು ಹೊಣೆ ಮಾಡುವುದು ನ್ಯಾಯವೇ?

ನೌಕರರ ಜನ್ಮದಿನಾಂಕ ಸೇವಾ ಪುಸ್ತಕದ ಮೊದಲ ಪುಟದಲ್ಲೇ ಇರುತ್ತದೆ. 60 ವರ್ಷಕ್ಕೆ ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆಂಬುದು ಸೇರಿದ ದಿನವೇ ತಿಳಿದಿರುವಾಗ, ಹುದ್ದೆ ತೆರವಾಗಿ ವರ್ಷಗಳು ಉರುಳಿದ ಮೇಲೆ ನೇಮಕಾತಿಯ ಪ್ರಸ್ತಾವ ಸಲ್ಲಿಸುವುದಕ್ಕೆ ಸಮಜಾಯಿಷಿಯೇ ಇಲ್ಲ. ಪರೀಕ್ಷೆಗಳದ್ದು ಬೇರೆಯದೇ ನೋವು: 2021ರ ಜನವರಿಯಲ್ಲಿ ಪ್ರಥಮ ದರ್ಜೆ ಸಹಾಯಕರ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆಯೇ ಮುಂದಕ್ಕೆ ಹೋಗಿದ್ದನ್ನು ಓದುತ್ತಿದ್ದ ಮಕ್ಕಳು ಮರೆತಿಲ್ಲ.

ಅಜ್ಜಂಪುರ ಮತ್ತು ಕಳಸ ಸೇರಿ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳು ಈಗ 9. ತಾಲ್ಲೂಕು ಹೆಚ್ಚಿದಂತೆ ಲಿಪಿಕ ಹುದ್ದೆಗಳೂ ಹೊಸದಾಗಿ ಮಂಜೂರಾಗಬೇಕೇ ಹೊರತು ಹಳೆಯ ಕಚೇರಿಗಳಿಂದ ಜನರನ್ನು ಎತ್ತಿ ಕಳಿಸುವುದು ಸರಿಯಲ್ಲ. ಸರ್ಕಾರವು ಎರಡೂ ದರ್ಜೆಯ ಸಹಾಯಕರ ನೇಮಕಾತಿಯನ್ನು ಪ್ರತಿವರ್ಷ ನಿಗದಿತ ತಿಂಗಳಲ್ಲಿ ನಡೆಸಲಿ. ಜಿಲ್ಲಾಡಳಿತವು ಅಲ್ಲಿಯವರೆಗೆ ಅನಗತ್ಯ ನಿಯೋಜನೆಗಳನ್ನು ರದ್ದುಪಡಿಸಿ, ಪ್ರತಿ ಕಚೇರಿಯ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಹುದ್ದೆಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ಚಿಕ್ಕಮಗಳೂರು