ಸಿಸಿ ಕ್ಯಾಮೆರಾ ಇರಲಿ, ದೃಶ್ಯ ಕೇಳಲು ಕಾಗದವೂ ಇರಲಿ

ಮಾನ್ಯ ಸಂಪಾದಕರೇ,

2022ರ ನವೆಂಬರ್ 19ರಂದು ನಾಗೋರಿಯಲ್ಲಿ ರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿದ ಮೇಲೆ, ಮಂಗಳೂರಿಗೆ ಸಿಸಿ ಕ್ಯಾಮೆರಾ ಬೇಕೇ ಎಂದು ಕೇಳುವವರು ಹೆಚ್ಚಿಲ್ಲ. ಕ್ಯಾಮೆರಾ ಅಳವಡಿಸುವ ಕೆಲಸದಲ್ಲಿರುವ ನಮಗೂ ಆ ತಕರಾರಿಲ್ಲ. ಆದರೆ ಹಿಡಿದ ದೃಶ್ಯ ಎಷ್ಟು ದಿನ ಉಳಿಯಬೇಕು, ಯಾರ ಕೈಗೆ ಹೋಗಬೇಕು, ಹೇಗೆ ಹೋಗಬೇಕು ಎಂಬುದು ಹೆಚ್ಚಿನ ಫ್ಲ್ಯಾಟು, ಅಂಗಡಿ, ಪಿಜಿಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ದಿನಗಳ ಲೆಕ್ಕವನ್ನೇ ನೋಡಿ. ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯ ಉಳಿಸಿಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ ತುಂಬುತ್ತದೆ. 8 ಕ್ಯಾಮೆರಾಗಳಿಗೆ 30 ದಿನಕ್ಕೆ ಸುಮಾರು 5.2 ಟಿಬಿ ಬೇಕು. 2 ಟಿಬಿ ಡಿಸ್ಕ್ ಹಾಕಿಸಿಕೊಂಡು ತಿಂಗಳ ದೃಶ್ಯ ಇದೆ ಎಂದುಕೊಂಡವರಿಗೆ ಸಿಗುವುದು 11 ದಿನ. ಅದೂ ಡಿಸ್ಕ್ ಸರಿ ಇದ್ದರೆ. ಡಿಸ್ಕ್ ಸತ್ತರೂ ಟಿವಿಯಲ್ಲಿ ಲೈವ್ ಚಿತ್ರ ಬರುತ್ತಲೇ ಇರುತ್ತದೆ, ಹಾಗಾಗಿ ರೆಕಾರ್ಡ್ ನಿಂತದ್ದು ಕಳ್ಳತನವಾದ ಮೇಲೆಯೇ ತಿಳಿಯುವುದು. ನಮ್ಮ ಕಡಲ ಗಾಳಿಗೆ ಕನೆಕ್ಟರ್ ಕಿಲುಬು ಹಿಡಿಯುವುದು, ಮಳೆಗಾಲದಲ್ಲಿ ಇನ್‌ಫ್ರಾರೆಡ್ ಬೆಳಕಿಗೆ ಹುಳು ಬಂದು ಲೆನ್ಸಿಗೆ ಜೇಡ ಬಲೆ ಕಟ್ಟುವುದು ಇದ್ದದ್ದೇ. ವಾರಕ್ಕೊಮ್ಮೆ ಹಿಂದಿನ ದಿನದ ದೃಶ್ಯ ಓಡಿಸಿ ನೋಡಿದರೆ ಇವೆಲ್ಲ ಸಿಕ್ಕಿಬೀಳುತ್ತವೆ. ದೊಡ್ಡ ಡಿಸ್ಕ್ ಇದೆಯೆಂದು ಆರು ತಿಂಗಳ ದೃಶ್ಯ ಕೂಡಿಡುವವರೂ ಇದ್ದಾರೆ. ಕಾರಣವಿಲ್ಲದೆ ಅಷ್ಟು ಇಟ್ಟುಕೊಳ್ಳುವುದು ನಮ್ಮ ಪ್ರಕಾರ ತಪ್ಪೇ. 30 ದಿನಕ್ಕೆ ತಾನಾಗಿ ಅಳಿಯುವ ಸೆಟ್ಟಿಂಗ್ ಬಹಳಷ್ಟು ಯಂತ್ರಗಳಲ್ಲಿದೆ.

ಇನ್ನು ದೃಶ್ಯ ಕೊಡುವ ವಿಚಾರ. ಬೀಟ್ ಸಿಬ್ಬಂದಿ ಬಂದು ಬಾಯಿಮಾತಿನಲ್ಲಿ ಕೇಳುವುದು, ವಾಚ್‌ಮನ್ ಮೊಬೈಲಿನಲ್ಲಿ ಪರದೆಯನ್ನೇ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ಗೆ ಕಳಿಸುವುದು ರೂಢಿಯಾಗಿಬಿಟ್ಟಿದೆ. ಅಪರಾಧ ತನಿಖೆ, ವಿಚಾರಣೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಠಾಣಾಧಿಕಾರಿಗೆ ಕೊಟ್ಟಿರುವುದು ಲಿಖಿತ ಆದೇಶದ ಅಧಿಕಾರ. ಅದು ಕಾಗದದಲ್ಲಿದ್ದರೂ ಆದೀತು, ಎಲೆಕ್ಟ್ರಾನಿಕ್ ರೂಪದಲ್ಲಿದ್ದರೂ ಆದೀತು. ಪರದೆಯಿಂದ ಮೊಬೈಲಿಗಿಳಿದ ತುಣುಕಿನಲ್ಲಿ ಮೂಲ ಫೈಲೂ ಇಲ್ಲ, ಮೂಲದ ಸ್ಪಷ್ಟತೆಯೂ ಇಲ್ಲ. ಕೋರ್ಟಿನಲ್ಲಿ ಮೊದಲು ಪ್ರಶ್ನೆಗೊಳಗಾಗುವುದು ಅದೇ. ಅಂದರೆ ಈ ರೂಢಿ ಪೊಲೀಸರಿಗೂ ನಷ್ಟ.

ಸರಿಯಾದ ವಿಧಾನಕ್ಕೆ ಅರ್ಧ ಗಂಟೆ ಹಿಡಿಯಬಹುದು. ಮೊದಲು ದೃಶ್ಯ ರೆಕಾರ್ಡ್ ಮಾಡುವ ಯಂತ್ರದ, ಅಂದರೆ ಡಿವಿಆರ್‌ನ, ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಬೇಕು. ಚೀನಾದ ಸಮಯವಲಯದಲ್ಲೇ ಉಳಿದ ಯಂತ್ರ ಎರಡೂವರೆ ಗಂಟೆ ಮುಂದೆ ಓಡುತ್ತದೆ. ಇದನ್ನು ಗಮನಿಸದಿದ್ದರೆ ರಾತ್ರಿ 11ಕ್ಕೆ ಆ ದಾರಿಯಲ್ಲಿ ಹೋದವನು 1.30ಕ್ಕೆ ಹೋದ ಹಾಗೆ ಕಾಣುತ್ತಾನೆ. ಆಮೇಲೆ ಆದೇಶದಲ್ಲಿ ಕೇಳಿರುವ ಕ್ಯಾಮೆರಾ, ಕೇಳಿರುವ ಅವಧಿ ಮಾತ್ರ ಮೂಲ ಫಾರ್ಮ್ಯಾಟಿನಲ್ಲೇ ಹೊಸ ಪೆನ್‌ಡ್ರೈವಿಗೆ ಇಳಿಸಬೇಕು. ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಬೇಕು. ಅದು ಫೈಲಿನ ಬೆರಳಚ್ಚಿದ್ದಂತೆ, ಫೈಲು ಒಂಚೂರು ಬದಲಾದರೂ ಬೇರೆಯಾಗುತ್ತದೆ. ಅದಕ್ಕೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಾಧನ ಸಾಕು. ಬರುವ 64 ಅಕ್ಷರಗಳನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಅದರ ಒಂದು ಭಾಗಕ್ಕೆ ಯಂತ್ರದ ಉಸ್ತುವಾರಿಯವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಇಡೀ ಡಿವಿಆರ್ ಹೊತ್ತೊಯ್ದರೆ ಘಟನೆಗೆ ಸಂಬಂಧವೇ ಇಲ್ಲದ ನೂರಾರು ಜನರ ಓಡಾಟವೂ ಜೊತೆಗೆ ಹೋಗುತ್ತದೆ, ಕಟ್ಟಡ ಕ್ಯಾಮೆರಾ ಇಲ್ಲದೆ ಉಳಿಯುತ್ತದೆ. ಒಯ್ಯಲೇಬೇಕಾದ ಪ್ರಕರಣವಿದ್ದರೆ ಮಹಜರಿನ ಜೊತೆ ಜಪ್ತಿಯ ಆಡಿಯೊ-ವಿಡಿಯೊ ದಾಖಲೆಯನ್ನೂ ಸಂಹಿತೆಯ 105ನೇ ಕಲಂ ಕೇಳುತ್ತದೆ.

ಕರಾವಳಿಯಲ್ಲಿ ಇದು ಬರೀ ಕಾಗದಪತ್ರದ ಮಾತಲ್ಲ. 2009ರ ಪಬ್ ದಾಳಿ, 2012ರ ಪಡೀಲ್ ಹೋಂಸ್ಟೇ ದಾಳಿಯಂಥ ನೈತಿಕ ಪೊಲೀಸ್‌ಗಿರಿ ಕಂಡ ಊರು ಇದು. ದೇರಳಕಟ್ಟೆಯಲ್ಲೋ ಮಣಿಪಾಲದಲ್ಲೋ ಪಿಜಿಯ ಗೇಟಿನಲ್ಲಿ ಯಾರು ಯಾರ ಬೈಕಿನಿಂದ ಇಳಿದರು ಎಂಬ ಹತ್ತು ಸೆಕೆಂಡಿನ ತುಣುಕು ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಮುಂದೇನಾಗಬಹುದು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಅಡ್ಮಿನ್ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಬೇಕು, ಉಳಿದವರಿಗೆ ನೋಡಲಷ್ಟೇ ಅನುಮತಿಯ ಬೇರೆ ಖಾತೆ ಕೊಡಬೇಕು. ಅಳವಡಿಸಿದವರು, ಅಂದರೆ ನಾವೇ, ಕೆಲಸ ಮುಗಿಸಿ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಹೊರಗಿನ ಇಂಟರ್‌ನೆಟ್‌ನಿಂದ ನೇರ ಯಂತ್ರಕ್ಕೆ ದಾರಿ ಕೊಡುವ ಪೋರ್ಟ್ ಫಾರ್ವರ್ಡ್ ಅನ್ನು ರೂಟರಿನಲ್ಲಿ ತೆರೆದಿಡಬೇಡಿ. ಪಕ್ಕದ ಮನೆಯ ಕಿಟಕಿ ಕಂಡರೆ ಪ್ರೈವೆಸಿ ಮಾಸ್ಕ್ ಹಾಕಿ, ಆ ಭಾಗ ರೆಕಾರ್ಡೇ ಆಗುವುದಿಲ್ಲ. ಮೈಕ್ ಬಂದ್ ಮಾಡಿ.

ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯಯುತ ಉದ್ದೇಶ ಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಇಂಟರ್‌ನೆಟ್ ನಿಂತಿತ್ತಲ್ಲ, ಮರುತಿಂಗಳೇ ಕಾಶ್ಮೀರದ ಪ್ರಕರಣದಲ್ಲಿ ಅದೇ ಕೋರ್ಟು ಅಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಇಂಟರ್‌ನೆಟ್ ನಿಲ್ಲಿಸಲೂ ಲಿಖಿತ ಆದೇಶ ಬೇಕೆಂದಾದರೆ ಡಿವಿಆರ್‌ಗೆ ಬಾಯಿಮಾತು ಹೇಗೆ ಸಾಕಾದೀತು? 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನು ನಂಬಿ ಕೂರುವಂತೆಯೂ ಇಲ್ಲ. ಕೇಂದ್ರ ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ಅದರಲ್ಲಿ ವಿನಾಯಿತಿ ಇದೆ.

ಮಂಗಳೂರು ಪೊಲೀಸ್ ಕಮಿಷನರೇಟ್ ಮತ್ತು ಉಡುಪಿ ಜಿಲ್ಲಾ ಪೊಲೀಸ್ ಕನ್ನಡದಲ್ಲಿ ಒಂದು ಪುಟದ ನಮೂನೆ ಹೊರಡಿಸಲಿ: ಅಪರಾಧ ಸಂಖ್ಯೆ, ಕ್ಯಾಮೆರಾ, ದಿನಾಂಕ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಗಡಿಯಾರದ ವ್ಯತ್ಯಾಸ, ಹ್ಯಾಶ್, ಪಡೆದವರ ಹೆಸರು, ಹುದ್ದೆ, ಸಹಿ. ಪ್ರಕರಣ ಇನ್ನೂ ದಾಖಲಾಗದ ತುರ್ತಿನಲ್ಲಿ ದೃಶ್ಯ ಅಳಿಯದಂತೆ ಕಾದಿಡಲು ಠಾಣೆಯಿಂದ ಒಂದು ಇಮೇಲ್ ಬಂದರೂ ಸಾಕು, ಉಳಿದ ಕಾಗದ ಮರುದಿನ ಬರಲಿ. ನಮೂನೆಯ ಒಂದು ಪ್ರತಿ ಠಾಣೆಗೆ, ಇನ್ನೊಂದು ಕಟ್ಟಡದ ರಿಜಿಸ್ಟರಿಗೆ.

– ಸಿಸಿ ಕ್ಯಾಮೆರಾ ಅಳವಡಿಕೆ ವೃತ್ತಿಯ ಓದುಗರು, ಮಂಗಳೂರು