ಜಿಐ ಪೈಪಿನ ಜ್ವರಕ್ಕೆ ಬೆಲ್ಲ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಯಾದಗಿರಿ ಕಡೆಯವನು. ಹದಿನಾಲ್ಕು ವರ್ಷದಿಂದ ಪುಣೆಯ ಭೋಸರಿಯಲ್ಲಿ ವೆಲ್ಡರ್ ಆಗಿದ್ದೇನೆ. ಗೇಟು, ರೇಲಿಂಗು, ಶೆಡ್ಡು ಮಾಡುವ ಚಿಕ್ಕ ಶಾಪು ನಮ್ಮದು. ಜಾಸ್ತಿ ಕೆಲಸ ಜಿಐ ಪೈಪಿನದ್ದೇ.

ಹೋದ ತಿಂಗಳು ನಮ್ಮ ಕಡೆಯ ಹುಡುಗನೊಬ್ಬ ಹೆಲ್ಪರ್ ಆಗಿ ಸೇರಿದ. ಮೂರನೇ ದಿನ ನಾನು ವೆಲ್ಡಿಂಗ್ ಮಾಡುವಾಗ ಬೆಳಿಗ್ಗೆಯಿಂದ ಸಂಜೆವರೆಗೆ ಪಕ್ಕದಲ್ಲೇ ಪೈಪ್ ಹಿಡಿದು ಕೂತಿದ್ದ. ಆ ರಾತ್ರಿ ಎರಡು ಕಂಬಳಿ ಹೊದಿಸಿದರೂ ಅವನ ನಡುಕ ನಿಲ್ಲಲಿಲ್ಲ. ಬಾಯೆಲ್ಲ ಸಿಹಿಸಿಹಿ ಅನ್ನುತ್ತಿದ್ದ. ಮಲೇರಿಯಾ ಅಂದುಕೊಂಡು ಊರಿಗೆ ಹೊರಟೇಬಿಟ್ಟಿದ್ದ. ನನ್ನ ರಾಡಿನಿಂದ ಎದ್ದ ಹೊಗೆಯನ್ನೇ ಅವನು ಕುಡಿದದ್ದು. ಅದು ನನ್ನನ್ನು ಇನ್ನೂ ಕಾಡುತ್ತಿದೆ.

ಜಿಐ ಪೈಪಿಗೆ ಸತುವಿನ ಲೇಪ ಇರುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದ ಕೆಲವು ಗಂಟೆಗಳ ಮೇಲೆ ಚಳಿಜ್ವರ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹೊಗೆ ದಿನಾ ಕುಡಿದರೆ ಮೈಗೆ ರೂಢಿಯಾಗುತ್ತದೆ, ಒಂದು ದಿನ ರಜೆ ಹಾಕಿ ಬಂದರೆ ಮತ್ತೆ ಜ್ವರ. ನಮ್ಮಲ್ಲಿ ಗುರುವಾರ ರಜೆ, ಹಾಗಾಗಿ ಶುಕ್ರವಾರ ರಾತ್ರಿಯೇ ಹುಡುಗರು ಜ್ವರ ಬಂದು ಮಲಗುವುದು.

ಇದಕ್ಕೆ ಮದ್ದು ಅಂತ ನಮ್ಮ ಶಾಪಿನ ಶೇಠ್ ಬೆಲ್ಲ, ಹಾಲು ತರಿಸುತ್ತಾರೆ. ಅವರದು ಕೆಟ್ಟ ಮನಸ್ಸಲ್ಲ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಎದೆಗೆ, ಅಲ್ವಾ? ಬಾಯಿಗೆ ಕಟ್ಟುವ ಕರ್ಚೀಫೂ ಈ ಹೊಗೆಯನ್ನು ತಡೆಯುವುದಿಲ್ಲ. ಜ್ವರ ಇಳಿಯಿತು ಅಂತ ಸುಮ್ನೆ ಇರುವ ಹಾಗೂ ಇಲ್ಲ. ವೆಲ್ಡಿಂಗ್ ಹೊಗೆ, ಅದು ಯಾವ ಲೋಹದ್ದಾದರೂ, ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ಹೇಳಿದೆ.

ಬೆಸುಗೆ ಹಾಕುವ ಜಾಗದ ಎರಡೂ ಬದಿ ಒಂದೆರಡು ಇಂಚು ಲೇಪವನ್ನು ಗ್ರೈಂಡರ್‌ನಲ್ಲಿ ತೆಗೆಯಬೇಕು. ಆಮೇಲೆ ಸತುವಿನ ಪೇಂಟ್ ಹೊಡೆದರೆ ತುಕ್ಕು ಹಿಡಿಯುವುದಿಲ್ಲ. ಇದಕ್ಕೆ ಟೈಮ್ ಹೋಗುತ್ತದೆ, ನಿಜ. ಪೈಪಿನ ಒಳಗಿನ ಲೇಪ ಮಾತ್ರ ಉಳಿದೇ ಉಳಿಯುತ್ತದೆ. ಅದಕ್ಕೇ ಹೊಗೆ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು, ಹೆಲ್ಮೆಟ್ ಒಳಗೆ ಎನ್95 ಮಾಸ್ಕ್ ಬೇಕು. ಪೈಪ್ ಹಿಡಿಯುವ ಹೆಲ್ಪರ್‌ಗೂ ಮಾಸ್ಕ್ ಕೊಡಬೇಕು.

ನಮ್ಮ ಶಾಪಿನ ಗೋಡೆಯ ಮೇಲೆ ಸೂಚನೆಗಳು ಮರಾಠಿ, ಹಿಂದಿಯಲ್ಲಿವೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಹೊಸದಾಗಿ ಬಂದ ಹುಡುಗರಿಗೆ ಅವು ಓದಲು ಬರುವುದಿಲ್ಲ. ಪುಣೆಯ ಕನ್ನಡ ಸಂಘಗಳು ಒಂದು ಗುರುವಾರ ಡಾಕ್ಟರೊಬ್ಬರನ್ನು ಭೋಸರಿಗೆ ಕರೆತಂದು ಇದನ್ನೆಲ್ಲ ಕನ್ನಡದಲ್ಲಿ ಹೇಳಿಸಲಿ. ಹುಡುಗರನ್ನು ಸೇರಿಸುವ ಕೆಲಸ ನನಗಿರಲಿ.

— ಒಬ್ಬ ವೆಲ್ಡರ್, ಭೋಸರಿ, ಪುಣೆ